ಹೊಸ ಫೀಚರು, ಎರಡು ಕೆಬಿ ಮೆಮರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಜಗಳ. ಆರ್ಡುಯಿನೋ, ಮೈಕ್ರೋಬಿಟ್ ತರಹದ ಪುಟ್ಟ ಕಂಪ್ಯೂಟರ್ ಬೋರ್ಡುಗಳಲ್ಲಿ ಪ್ರೋಗ್ರಾಮಿಂಗ್ ಭಾಷೆಯ ಹೊಸ ಸೌಲಭ್ಯಗಳನ್ನು ಬಳಸಬಹುದೋ, ಬಾರದೋ? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತಳ್ಳಿದ್ದೇನೆ. ಇನ್ವರ್ಟರ್ ಬ್ಯಾಟರಿ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಆರ್ಡುಯಿನೋ ಊನೋ ಮತ್ತು ಸಿಮ್ 800 ಮಾಡ್ಯೂಲ್ ಇಟ್ಟು, ಎಸ್‌ಎಂಎಸ್ ಕಳಿಸಿದರೆ ತೋಟದ ಮೋಟಾರ್ ಆನ್–ಆಫ್ ಆಗುವ ಹಾಗೆ ಮಾಡಿದ್ದೇನೆ. ಒಂದೆರಡು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಮೆಸೇಜಿಗೆ ಉತ್ತರವೇ ಇಲ್ಲ. ರೀಸೆಟ್ ಒತ್ತಿದರೆ ಮತ್ತೆ ಸರಿ. ಗೆಳೆಯನೊಬ್ಬ ‘ಸಿ ಪ್ಲಸ್ ಪ್ಲಸ್ ಬಿಟ್ಟಾಕು, ಹಳೇ ಸಿ ಭಾಷೆಯಲ್ಲಿ ಬರಿ’ ಅಂತಾನೆ. ಕೋಡ್ ಜೊತೆಗಿದೆ. – ಹೊನ್ನಾಳಿಯ ಓದುಗರು

ಉತ್ತರ: ಮೊದಲು ಕರೆಂಟಿನ ವಿಷಯ ಮುಗಿಸೋಣ. ಸಿಮ್ 800 ನೆಟ್‌ವರ್ಕಿಗೆ ಮಾತಾಡುವಾಗ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಊನೋದ 5 ವೋಲ್ಟ್ ಪಿನ್ನಿನಿಂದ ಅದಕ್ಕೆ ಪವರ್ ಕೊಟ್ಟವರ ಬೋರ್ಡು ಮೆಸೇಜ್ ಹೋಗುವ ಹೊತ್ತಿಗೇ ರೀಸೆಟ್ ಆಗುತ್ತದೆ. ನಿಮ್ಮದು ಹಾಗಲ್ಲ. ದಿನಗಟ್ಟಲೆ ಓಡಿ, ರೀಸೆಟ್ ಆಗದೆ ಸುಮ್ಮನೆ ಕೂರುತ್ತದೆ. ಇದು ಮೆಮರಿಯ ಕಾಯಿಲೆ.

ಊನೋದಲ್ಲಿರುವ ಚಿಪ್ಪು ಎಟಿಮೆಗಾ 328ಪಿ. ಪ್ರೋಗ್ರಾಂ ಇಡಲು 32 ಕೆಬಿ ಫ್ಲಾಶ್ ಇದೆ. ಓಡುವಾಗ ಬರೆದು ಅಳಿಸಲು ರ‍್ಯಾಮ್ 2 ಕೆಬಿ, ಅಂದರೆ 2,048 ಬೈಟ್. ನೀವು ಕಳಿಸಿದ ಕಂಪೈಲ್ ವರದಿಯಲ್ಲಿ (ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವಾಗ ಬರುವುದು) ಗ್ಲೋಬಲ್ ವೇರಿಯಬಲ್‌ಗಳೇ 1,530 ಬೈಟ್ ತಿಂದಿವೆ. ಉಳಿದದ್ದು 518. ಫಂಕ್ಷನ್ನುಗಳ ತಾತ್ಕಾಲಿಕ ಲೆಕ್ಕ ಇಡುವ ಸ್ಟ್ಯಾಕ್ ಮೇಲಿನಿಂದ ಕೆಳಗಿಳಿಯುತ್ತದೆ, ಓಡುವಾಗ ಕೇಳಿದಷ್ಟು ಜಾಗ ಕೊಡುವ ಹೀಪ್ ಕೆಳಗಿನಿಂದ ಮೇಲೇರುತ್ತದೆ. ಇಬ್ಬರಿಗೂ ಸೇರಿ ಇಷ್ಟೇ ಜಾಗ.

ಈ 518 ಬೈಟಿನಲ್ಲಿ ನೀವು ಮಾಡುತ್ತಿರುವ ಕೆಲಸ ನೋಡಿ. ಮೆಸೇಜ್ ಕಳಿಸಿದವರ ನಂಬರಿಗೆ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಬ್ಜೆಕ್ಟ್, ಮೆಸೇಜಿಗೆ ಇನ್ನೊಂದು. ಮಾಡ್ಯೂಲಿನಿಂದ ಒಂದೊಂದೇ ಅಕ್ಷರ ಬಂದ ಹಾಗೆ ‘ಪ್ಲಸ್ ಈಕ್ವಲ್’ ಹಾಕಿ ಸೇರಿಸುತ್ತಿದ್ದೀರಿ. ಆರ್ಡುಯಿನೋದ ಸ್ಟ್ರಿಂಗ್ ಪ್ರತಿ ಅಕ್ಷರಕ್ಕೂ ‘ನನಗೆ ಒಂದು ಬೈಟ್ ಜಾಸ್ತಿ ಜಾಗ ಕೊಡಿ’ ಎಂದು ಹೀಪನ್ನು ಕೇಳುತ್ತದೆ. ಪಕ್ಕದಲ್ಲಿ ನಂಬರಿನ ಸ್ಟ್ರಿಂಗ್ ಕೂತಿದ್ದರೆ ಇದು ಎದ್ದು ಬೇರೆ ಕಡೆ ಹೋಗಬೇಕು. ಹಳೇ ಜಾಗ ತೂತಾಗಿ ಉಳಿಯುತ್ತದೆ. ಹಬ್ಬದ ಹಿಂದಿನ ದಿನದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಎಂಟು ಸೀಟು ಖಾಲಿ ಇರುತ್ತವೆ, ಆದರೆ ಅಲ್ಲೊಂದು ಇಲ್ಲೊಂದು. ಮೂವರು ಒಟ್ಟಿಗೆ ಕೂರಲು ಆಗುವುದಿಲ್ಲ. ಅದೇ ಗತಿ.

ಜಾಗ ಸಿಗದಿದ್ದಾಗ ಏನಾಗುತ್ತದೆ ಅನ್ನುವುದು ಇನ್ನೂ ಕೆಟ್ಟದ್ದು. ಎರರ್ ಬರುವುದಿಲ್ಲ. ಸೇರಿಸಬೇಕಾದ ಅಕ್ಷರ ಸೇರುವುದಿಲ್ಲ, ಅಷ್ಟೇ. ಒಂದು ಸ್ಟ್ರಿಂಗನ್ನು ಇನ್ನೊಂದಕ್ಕೆ ಕಾಪಿ ಮಾಡುವಾಗ ಜಾಗ ಸಿಗದಿದ್ದರೆ ಕಾಪಿ ಖಾಲಿಯಾಗಿಬಿಡುತ್ತದೆ. ನಿಮ್ಮ ಕೋಡು ಖಾಲಿ ಸ್ಟ್ರಿಂಗನ್ನು ‘ಆನ್’ ಜೊತೆ ಹೋಲಿಸಿ, ‘ಇದು ನನಗಲ್ಲ’ ಎಂದು ಬಿಟ್ಟುಬಿಡುತ್ತದೆ. ತೋಟದಲ್ಲಿ ನೀರಿಲ್ಲ.

ಗೆಳೆಯರ ಸಲಹೆ ಅರ್ಧ ಸರಿ. ಸ್ಟ್ರಿಂಗ್ ಬಿಡಿ. ಆದರೆ ಸಿ ಭಾಷೆಗೆ ಹೋಗಿ ಅಲ್ಲೂ ಮ್ಯಾಲಕ್–ರಿಯಾಲಕ್ ಮಾಡಿ ಹೀಪಿನಿಂದ ಜಾಗ ಕೇಳಿದರೆ ಇದೇ ತೂತುಗಳು ಬೀಳುತ್ತವೆ. ತಪ್ಪು ಭಾಷೆಯ ಹೆಸರಿನಲ್ಲಿಲ್ಲ. 160 ಅಕ್ಷರದ ಒಂದು ಗಟ್ಟಿ ಕ್ಯಾರೆಕ್ಟರ್ ಅರೇ ಮೊದಲೇ ಇಟ್ಟುಕೊಳ್ಳಿ, ಬಂದದ್ದನ್ನು ಅದರಲ್ಲೇ ತುಂಬಿ. ತುಂಬಿದ ಮೇಲೆ ಬಂದ ಅಕ್ಷರವನ್ನು ಎಸೆಯಿರಿ.

ಇನ್ನೊಂದು ಕೆಲಸ. ಸೀರಿಯಲ್ ಮಾನಿಟರಿಗೆ ಕಳಿಸುವ ಉದ್ದುದ್ದ ಇಂಗ್ಲಿಷ್ ವಾಕ್ಯಗಳಿವೆಯಲ್ಲ, ಅವು ಫ್ಲಾಶ್‌ನಲ್ಲಿ ಇರುತ್ತವೆ ಎಂದು ತಾನೇ ಅಂದುಕೊಂಡಿದ್ದೀರಿ? ಈ ಚಿಪ್ಪಿನಲ್ಲಿ ಪ್ರೋಗ್ರಾಂ ಮೆಮರಿಯೂ ಡೇಟಾ ಮೆಮರಿಯೂ ಬೇರೆ ಬೇರೆ. ಹಾಗಾಗಿ ಬೋರ್ಡ್ ಆನ್ ಆದ ತಕ್ಷಣ ಅಷ್ಟೂ ವಾಕ್ಯ ರ‍್ಯಾಮಿಗೆ ಕಾಪಿಯಾಗುತ್ತವೆ. ವಾಕ್ಯದ ಸುತ್ತ ದೊಡ್ಡ ಎಫ್ ಅಕ್ಷರದ ಮ್ಯಾಕ್ರೋ ಹಾಕಿದರೆ ಅಲ್ಲೇ ಫ್ಲಾಶ್‌ನಲ್ಲಿ ಉಳಿಯುತ್ತವೆ. ನಿಮ್ಮ ಕೋಡಿಗೆ ಅದನ್ನು ಹಾಕಿ ನೋಡಿದೆ, 1,530 ಇದ್ದದ್ದು ಸಾವಿರದ ಕೆಳಗೆ ಇಳಿಯಿತು.

ಕೊನೆಗೆ ‘ಉತ್ತರ ಕನ್ನಡದಲ್ಲೇ ಬರಬೇಕು, ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ’ ಅಂದಿದ್ದೀರಿ. ಒಳ್ಳೆಯದು. ‘ಮೋಟಾರ್ ಆನ್ ಆಗಿದೆ’ ಎಂಬ ಮಾತನ್ನು ಯೂನಿಕೋಡ್ ಲೆಕ್ಕದಲ್ಲಿ ಬಿಡಿಸಿದರೆ ಒತ್ತು, ಗುಣಿತ, ಖಾಲಿ ಜಾಗ ಎಲ್ಲ ಸೇರಿ 16 ಸಂಕೇತ. ಸಾಮಾನ್ಯ ಸ್ಟ್ರಿಂಗಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕೊನೆಯ ಸೊನ್ನೆ ಸೇರಿ 45 ಬೈಟ್. ಆದರೆ ಮಾಡ್ಯೂಲಿಗೆ ಬೇಕಾದ್ದು ಈ ರೂಪವಲ್ಲ, ಯುಸಿಎಸ್ 2 ರೂಪ. ಪ್ರತಿ ಸಂಕೇತವನ್ನು ನಾಲ್ಕು ಹೆಕ್ಸ್ (16ರ ಎಣಿಕೆಯ) ಅಂಕಿಗಳಲ್ಲಿ ಕೊಡಬೇಕು, ಒಟ್ಟು 64 ಅಂಕಿ. ಇಲ್ಲಿ ‘ಹೊಸ’ ಸಿ ಪ್ಲಸ್ ಪ್ಲಸ್ ನಿಮ್ಮ ಸಹಾಯಕ್ಕೆ ಬರುತ್ತದೆ. 2011ರ ಆವೃತ್ತಿಯಿಂದ ಸ್ಟ್ರಿಂಗಿಗೆ ಮೊದಲು ಸಣ್ಣ ಯು ಅಕ್ಷರ ಹಾಕಿದರೆ ಕಂಪೈಲರೇ ಅದನ್ನು 16 ಬಿಟ್ ಸಂಕೇತಗಳಾಗಿ ಬದಲಿಸಿ ಕೊಡುತ್ತದೆ. 34 ಬೈಟ್ ಸಾಕು, ಅದನ್ನೂ ಫ್ಲಾಶ್‌ನಲ್ಲೇ ಇಡಬಹುದು. ಕಳಿಸುವಾಗ ಒಂದೊಂದನ್ನೇ ಹೆಕ್ಸ್ ಮಾಡಿ ಮಾಡ್ಯೂಲಿಗೆ ಬರೆಯಿರಿ. ರ‍್ಯಾಮ್ ಖರ್ಚು ಹೆಚ್ಚುಕಡಿಮೆ ಸೊನ್ನೆ. ಹಾಂ, ಆ ರೂಪಕ್ಕೆ ಮಾಡ್ಯೂಲನ್ನು ಬದಲಿಸಿದ ಮೇಲೆ ಫೋನ್ ನಂಬರನ್ನೂ ಹೆಕ್ಸ್‌ನಲ್ಲೇ ಕೊಡಬೇಕು. ಇದನ್ನು ಮರೆತೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ಒಂದು ಮೆಸೇಜಿಗೆ 70 ಸಂಕೇತದ ಮಿತಿ ಇದೆ, ಅದೂ ಗಮನದಲ್ಲಿರಲಿ.

ಪ್ರಶ್ನೆ: ಎಂಜಿನಿಯರಿಂಗ್ ಮೂರನೇ ವರ್ಷ. ಲ್ಯಾಬಿನಲ್ಲಿ ಆಟೋ, ಲ್ಯಾಂಬ್ಡಾ, ಹೊಸ ತರಹದ ಫಾರ್ ಲೂಪ್ ಬಳಸಿದ್ದಕ್ಕೆ ಸರ್ ಮಾರ್ಕ್ಸ್ ಕಟ್ ಮಾಡಿದರು. ‘ಹೊಸ ಫೀಚರ್ ಎಲ್ಲ ಕೋಡನ್ನು ಭಾರ ಮಾಡುತ್ತವೆ’ ಅಂದರು. ನಿಜವಾ? – ಬೆಳಗಾವಿಯ ವಿದ್ಯಾರ್ಥಿನಿ

ಉತ್ತರ: ಮಾರ್ಕ್ಸ್ ನಾನು ವಾಪಸ್ ಕೊಡಿಸಲಾರೆ. ಆದರೆ ಲೆಕ್ಕ ಹೇಳಬಲ್ಲೆ.

ಯಾವ ಫೀಚರ್ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಈ ಕೆಲಸ ಎಲ್ಲಿ ನಡೆಯುತ್ತದೆ? ಲ್ಯಾಪ್‌ಟಾಪಿನಲ್ಲೋ, ಚಿಪ್ಪಿನಲ್ಲೋ? ಆಟೋ ಅಂದರೆ ಟೈಪನ್ನು (ಡೇಟಾದ ಬಗೆ) ಕಂಪೈಲರೇ ಊಹಿಸುತ್ತದೆ. ಅದು ಲ್ಯಾಪ್‌ಟಾಪಿನಲ್ಲೇ ಮುಗಿಯುವ ಕೆಲಸ. ಎನಮ್ ಕ್ಲಾಸ್ (ಹೆಸರಿಟ್ಟ ಮೌಲ್ಯಗಳ ಪಟ್ಟಿ), ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಹೊತ್ತಿನ ಪರೀಕ್ಷೆ) ಕೂಡ ಹಾಗೇ. ಇವುಗಳಿಂದ ಚಿಪ್ಪಿಗೆ ಒಂದು ಬೈಟೂ ಹೋಗುವುದಿಲ್ಲ. ಹೊರಗಿನ ವೇರಿಯಬಲ್ ಹಿಡಿದುಕೊಳ್ಳದ ಲ್ಯಾಂಬ್ಡಾ ಅಂದರೆ ಹೆಸರಿಲ್ಲದ ಮಾಮೂಲಿ ಫಂಕ್ಷನ್. ಅದನ್ನು ಇಂಟರಪ್ಟಿಗೂ (ಚಿಪ್ಪು ಮಾಡುತ್ತಿದ್ದ ಕೆಲಸ ನಿಲ್ಲಿಸಿ ತಕ್ಷಣ ಗಮನ ಕೊಡುವ ಕರೆ) ಕೊಡಬಹುದು.

ಹೊಸ ಫಾರ್ ಲೂಪ್ ಕೂಡ ಫ್ರೀ. ಆದರೆ ಒಂದು ಕೊಕ್ಕೆ ಇದೆ. ಸ್ಟ್ರಿಂಗ್‌ಗಳ ಅರೇ ಮೇಲೆ ಲೂಪ್ ಓಡಿಸುವಾಗ ಆಟೋ ಪಕ್ಕದ ಆಂಪರ್ಸಂಡ್ ಚಿಹ್ನೆ ಮರೆತರೆ, ಪ್ರತಿ ಸುತ್ತಿಗೂ ಇಡೀ ಸ್ಟ್ರಿಂಗಿನ ಕಾಪಿ ಆಗುತ್ತದೆ. ಹೀಪಿನಿಂದ ಜಾಗ, ಆಮೇಲೆ ವಾಪಸ್. ಕೋಡು ನೋಡಲು ಹಾಗೇ ಇರುತ್ತದೆ, ಉತ್ತರವೂ ಸರಿ ಬರುತ್ತದೆ. ನಿಮ್ಮ ಸರ್ ಇಂಥದ್ದೇನಾದರೂ ಕಂಡಿದ್ದರೆ ಅವರ ಸಿಟ್ಟು ನ್ಯಾಯವೇ.

ವರ್ಚುವಲ್ ಫಂಕ್ಷನ್ (ಯಾವುದನ್ನು ಕರೆಯಬೇಕೆಂದು ಓಡುವಾಗ ತೀರ್ಮಾನವಾಗುವುದು) ಹಳೆಯ ಫೀಚರ್, ಆದರೆ ಊನೋದಲ್ಲಿ ಅದಕ್ಕೇ ಖರ್ಚು ಜಾಸ್ತಿ. ಪ್ರತಿ ಕ್ಲಾಸಿಗೂ ಒಂದು ವಿಳಾಸದ ಪಟ್ಟಿ ಬೇಕು. ದೊಡ್ಡ ಚಿಪ್ಪುಗಳಲ್ಲಿ ಅದು ಫ್ಲಾಶ್‌ನಲ್ಲಿ ಕೂರುತ್ತದೆ. ಈ ಚಿಪ್ಪಿನಲ್ಲಿ ರ‍್ಯಾಮಿನಲ್ಲೇ ಕೂರುತ್ತದೆ. ಮೂರು ವರ್ಚುವಲ್ ಫಂಕ್ಷನ್ ಇದ್ದರೆ ಕ್ಲಾಸಿಗೆ ಹತ್ತು ಬೈಟ್, ಜೊತೆಗೆ ಪ್ರತಿ ಆಬ್ಜೆಕ್ಟಿಗೂ ಎರಡೆರಡು. ಇಪ್ಪತ್ತು ಸೆನ್ಸರ್ ಕ್ಲಾಸ್ ಬರೆದು ನೋಡಿ, ಗೊತ್ತಾಗುತ್ತದೆ.

ಹಾಗಂತ ನಿಮ್ಮ ಸರ್ ಮಾತು ಗಾಳಿಯಿಂದ ಬಂದದ್ದಲ್ಲ. 1990ರ ದಶಕದ ಕೊನೆಯಲ್ಲಿ ಎನ್‌ಇಸಿ, ಹಿಟಾಚಿ, ಫುಜಿತ್ಸು, ತೋಷಿಬಾದಂಥ ಜಪಾನಿನ ಚಿಪ್ ಕಂಪನಿಗಳು ಸೇರಿ ‘ಎಂಬೆಡೆಡ್ ಸಿ ಪ್ಲಸ್ ಪ್ಲಸ್’ ಎಂಬ ಕತ್ತರಿಸಿದ ಆವೃತ್ತಿ ಮಾಡಿದವು. ಎಕ್ಸೆಪ್ಶನ್ (ತಪ್ಪಾದಾಗ ಅದನ್ನು ಹಿಡಿಯುವ ಕೋಡಿಗೆ ನೆಗೆಯುವ ವ್ಯವಸ್ಥೆ) ತೆಗೆದರು, ಅದು ಅರ್ಥವಾಗುತ್ತದೆ. ಟೆಂಪ್ಲೇಟ್ ತೆಗೆದರು, ಅದನ್ನೂ ಒಪ್ಪೋಣ, ಬೇರೆ ಬೇರೆ ಟೈಪಿಗೆ ಒಂದೇ ಕೋಡಿನ ಹಲವು ಪ್ರತಿ ಬೀಳುವ ಭಯ ಇದ್ದೇ ಇತ್ತು. ನೇಮ್‌ಸ್ಪೇಸನ್ನೂ ತೆಗೆದರು! ನೇಮ್‌ಸ್ಪೇಸ್ ಅಂದರೆ ಬರೀ ಹೆಸರಿನ ವ್ಯವಸ್ಥೆ, ಚಿಪ್ಪಿಗೆ ಅದು ಗೊತ್ತೇ ಆಗುವುದಿಲ್ಲ. ಭಾಷೆ ಕಟ್ಟಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರ ಸೂತ್ರವೇ ಬೇರೆ ಇತ್ತು: ಬಳಸದ ಸೌಲಭ್ಯಕ್ಕೆ ನೀವು ಬೆಲೆ ತೆರಬಾರದು. ಯಾವ ಸೌಲಭ್ಯಕ್ಕೆ ಎಷ್ಟು ಖರ್ಚು ಎಂದು ಬಿಡಿಸಿ ಹೇಳುವ ಐಎಸ್‌ಒ ವರದಿ 2006ರಲ್ಲಿ ಬಂತು. ಅಷ್ಟರಲ್ಲಿ ‘ಹೊಸದು ಎಂದರೆ ಭಾರ’ ಅನ್ನುವ ಮಾತು ಲ್ಯಾಬುಗಳಲ್ಲಿ ಬೇರು ಬಿಟ್ಟಾಗಿತ್ತು.

ಎಕ್ಸೆಪ್ಶನ್ ಬಗ್ಗೆ ನಾನೂ ಹಳೇ ಕಾಲದವಳೇ. ಕರೆಂಟ್ ಮೀಟರುಗಳ ಫರ್ಮ್‌ವೇರ್ ಬರೆಯುತ್ತಿದ್ದ ದಿನಗಳಲ್ಲಿ ನಮ್ಮ ಗೋಡೆ ಮೇಲೆ ಒಂದು ಹಾಳೆ ಅಂಟಿಸಿತ್ತು: ಯಾರ ಮಾಡ್ಯೂಲಿಗೆ ಎಷ್ಟು ಬೈಟ್ ಅಂತ. ಡಿಸ್‌ಪ್ಲೇ ಬರೆಯುವವನು ಕಮ್ಯುನಿಕೇಶನ್‌ನವಳ ಹತ್ತಿರ ನಲವತ್ತು ಬೈಟ್ ಕಡ ಕೇಳುತ್ತಿದ್ದ. ಆದರೆ ನಿಜವಾದ ಚಿಂತೆ ಬೈಟ್ ಅಲ್ಲ, ಸಮಯ. ಕರೆಂಟ್ ಹೋದ ಮೇಲೆ ಕೆಪಾಸಿಟರ್‌ನಲ್ಲಿ ಉಳಿದ ಚೂರು ಜೀವದಲ್ಲೇ ರೀಡಿಂಗನ್ನು, ಕರೆಂಟ್ ಇಲ್ಲದಿದ್ದರೂ ಅಳಿಯದ ಮೆಮರಿಯಾದ ಇಇಪ್ರಾಮ್‌ಗೆ ಬರೆದು ಮುಗಿಸಬೇಕು. ಆ ಹೊತ್ತಿನಲ್ಲಿ ಒಂದು ಎಕ್ಸೆಪ್ಶನ್ ಎದ್ದು, ಯಾರು ಹಿಡಿಯುತ್ತಾರೆ ಎಂದು ಟೇಬಲ್ ಹುಡುಕುತ್ತಾ ಹೊರಟರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಾಗದದ ಮೇಲೆ ಬರೆದು ಕೊಡುವುದು ಕಷ್ಟ. ಆರ್ಡುಯಿನೋದವರೂ ಊನೋಗೆ ಅದನ್ನು ಆಫ್ ಮಾಡಿಯೇ ಕೊಟ್ಟಿದ್ದಾರೆ.

ನಿಮ್ಮ ಇನ್ನೊಂದು ಪ್ರಶ್ನೆ ಮಾಡ್‌ಬಸ್‌ನ ಸಿಆರ್‌ಸಿ ಟೇಬಲ್ ಬಗ್ಗೆ. ಮಾಡ್‌ಬಸ್ ಅಂದರೆ ಯಂತ್ರಗಳು ಪರಸ್ಪರ ಮಾತಾಡುವ ರೀತಿ, ಸಿಆರ್‌ಸಿ ಅಂದರೆ ಬಂದ ಡೇಟಾ ಕೆಟ್ಟಿದೆಯೇ ಎಂದು ನೋಡುವ ಲೆಕ್ಕ. ಅದರ ಟೇಬಲ್ ಎಲ್ಲಿಡಬೇಕು ಎಂದು ಕೇಳಿದ್ದೀರಿ. 256 ಸಾಲು, ತಲಾ 2 ಬೈಟ್, ಒಟ್ಟು 512. ಬೋರ್ಡ್ ಆನ್ ಆದಾಗ ಲೆಕ್ಕ ಹಾಕಿ ರ‍್ಯಾಮಿನಲ್ಲಿಟ್ಟರೆ ಕಾಲು ಭಾಗ ಮೆಮರಿ ಹೋಯಿತು. ಕಾನ್ಸ್ಟ್‌ಎಕ್ಸ್‌ಪರ್ ಬಳಸಿ ಲ್ಯಾಪ್‌ಟಾಪಿನಲ್ಲೇ ಲೆಕ್ಕ ಮುಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಈ ಚಿಪ್ಪಿನಲ್ಲಿ ‘ಫ್ಲಾಶ್‌ನಲ್ಲೇ ಇಡು’ ಎನ್ನುವ ಪ್ರೋಗ್‌ಮೆಮ್ ಎಂದೂ ಸೇರಿಸಬೇಕು, ಇಲ್ಲದಿದ್ದರೆ ಸಿದ್ಧವಾದ ಟೇಬಲ್ ಮತ್ತೆ ರ‍್ಯಾಮಿಗೇ ಬಂದು ಬೀಳುತ್ತದೆ. ನನ್ನನ್ನು ಕೇಳಿದರೆ ಟೇಬಲ್ಲೇ ಬೇಡ, ಬೈಟ್ ಬಂದ ಹಾಗೆ ಒಂದೊಂದೇ ಬಿಟ್ ಹಿಡಿದು ಲೆಕ್ಕ ಹಾಕಿ. ನಿಮ್ಮ ಸೀರಿಯಲ್ ವೇಗ ಸೆಕೆಂಡಿಗೆ 9600 ಬಿಟ್. ಒಂದು ಬೈಟ್ ಬರಲು ಒಂದು ಮಿಲಿಸೆಕೆಂಡಿಗೂ ಚೂರು ಜಾಸ್ತಿ ಬೇಕು. ಅಷ್ಟರಲ್ಲಿ 16 ಮೆಗಾಹರ್ಟ್ಸ್ ಚಿಪ್ಪಿಗೆ 16,000ಕ್ಕೂ ಹೆಚ್ಚು ಸೈಕಲ್ ಸಿಗುತ್ತವೆ. ಎಂಟು ಸಲ ತಿರುಗುವ ಸಣ್ಣ ಲೂಪಿಗೆ ಅದು ಧಾರಾಳ.

ಪ್ರಶ್ನೆ: ಊನೋದಲ್ಲಿ ಎಸ್‌ಪ್ರಿಂಟ್‌ಎಫ್‌ನಿಂದ ಉಷ್ಣಾಂಶ ಬರೆಸಿದರೆ 27.5 ಬದಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಬೋರ್ಡ್ ಹಾಳಾಗಿದೆಯಾ? – ಶಿರಸಿಯ ಓದುಗರು

ಉತ್ತರ: ಬೋರ್ಡ್ ಚೆನ್ನಾಗಿದೆ. ಎಸ್‌ಪ್ರಿಂಟ್‌ಎಫ್ ಅನ್ನುವುದು ಸಂಖ್ಯೆಯನ್ನು ಅಕ್ಷರವಾಗಿ ಬರೆಯುವ ಪ್ರಿಂಟ್‌ಎಫ್ ಬಳಗದ ಫಂಕ್ಷನ್. ದಶಾಂಶ ಸಂಖ್ಯೆ ಬರೆಯುವ ಕೋಡು ದೊಡ್ಡದು ಎಂದು ಮಾಮೂಲಿ ಪ್ರಿಂಟ್‌ಎಫ್‌ನಿಂದ ಅದನ್ನು ಬಿಟ್ಟಿದ್ದಾರೆ. ಬೇಕಾದವರು ಬೇರೆ ಆವೃತ್ತಿಯನ್ನು ಲಿಂಕ್ ಮಾಡಿಕೊಳ್ಳಬೇಕು. ಬೇಡವೇ ಬೇಡ. ಉಷ್ಣಾಂಶವನ್ನು ಹತ್ತರಿಂದ ಗುಣಿಸಿ 275 ಎಂದು ಪೂರ್ಣಾಂಕವಾಗಿ ಇಟ್ಟುಕೊಳ್ಳಿ. ಬರೆಯುವಾಗ ನಡುವೆ ಚುಕ್ಕೆ ಹಾಕಿ. (ಬೆಳಗಾವಿಯವರೇ, ಇದನ್ನು ಸರ್‌ಗೆ ತೋರಿಸಿ. ಪ್ರಿಂಟ್‌ಎಫ್ ಹುಟ್ಟಿದ್ದು 1970ರ ದಶಕದಲ್ಲಿ. ಈ ಬೋರ್ಡಿಗೆ ಲ್ಯಾಂಬ್ಡಾಗಿಂತ ಅದೇ ಭಾರ.)

ಪ್ರಶ್ನೆ: ನಮ್ಮ ಹೈಸ್ಕೂಲಿಗೆ ಯಾರೋ ಹಳೇ ಮೈಕ್ರೋಬಿಟ್ ಬೋರ್ಡುಗಳನ್ನು ದಾನ ಕೊಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಓಡುವ ಪೈಥಾನ್‌ನ ಎಫ್‌ಸ್ಟ್ರಿಂಗ್ (ವಾಕ್ಯದ ನಡುವೆ ವೇರಿಯಬಲ್ ಸೇರಿಸುವ ರೀತಿ) ಇದರಲ್ಲಿ ಎರರ್ ಕೊಡುತ್ತದೆ. ಪೈಥಾನ್ ಎಂದರೆ ಪೈಥಾನ್ ಅಲ್ವಾ? – ಕುಂದಾಪುರದ ಶಿಕ್ಷಕಿ

ಉತ್ತರ: ಅಲ್ಲ. ಇಲ್ಲಿರುವುದು ಮೈಕ್ರೋಪೈಥಾನ್. ಡೇಮಿಯನ್ ಜಾರ್ಜ್ 2013ರಲ್ಲಿ ಜನರಿಂದ ಹಣ ಕೂಡಿಸಿ ಶುರು ಮಾಡಿದ ಯೋಜನೆ. 256 ಕೆಬಿ ಕೋಡ್ ಜಾಗ, 16 ಕೆಬಿ ರ‍್ಯಾಮ್ ಇದ್ದರೆ ಓಡಬಲ್ಲದು. ನಿಮ್ಮ ಹಳೇ ಮೈಕ್ರೋಬಿಟ್‌ನಲ್ಲಿ ಇರುವುದೂ ಸರಿಯಾಗಿ ಅಷ್ಟೇ, ಒಂದಿಂಚೂ ಮಿಗುವುದಿಲ್ಲ. ಪೈಥಾನ್ ಹಾಕಿದಾಗ ಬ್ಲೂಟೂತ್ ಸಿಗದಿರಲು ಕಾರಣವೂ ಇದೇ.

ಮೇಲೆ ‘ಕೆಲಸ ಎಲ್ಲಿ ನಡೆಯುತ್ತದೆ’ ಎಂದೆನಲ್ಲ, ಅದಕ್ಕೆ ನಿಮ್ಮ ಬೋರ್ಡಿನಷ್ಟು ಒಳ್ಳೆಯ ಉದಾಹರಣೆ ಸಿಗದು. ಸಿ ಪ್ಲಸ್ ಪ್ಲಸ್‌ನಲ್ಲಿ ಕಂಪೈಲರ್ ಲ್ಯಾಪ್‌ಟಾಪಿನಲ್ಲಿ ಕೂತಿರುತ್ತದೆ. ಭಾಷೆಗೆ ನೂರು ಹೊಸ ಫೀಚರ್ ಬರಲಿ, ಬಳಸದವರ ಚಿಪ್ಪಿಗೆ ಏನೂ ಆಗುವುದಿಲ್ಲ. ಮೈಕ್ರೋಪೈಥಾನ್‌ನಲ್ಲಿ ಕಂಪೈಲರೇ ಚಿಪ್ಪಿನೊಳಗಿದೆ. ನೀವು ಬರೆದ ಸಾಲನ್ನು ಆ ಪುಟ್ಟ ಬೋರ್ಡೇ ಓದಿ, ಬಿಡಿಸಿ, ಅರ್ಥ ಮಾಡಿಕೊಳ್ಳಬೇಕು. ಹಾಗಾಗಿ ಭಾಷೆಗೆ ಒಂದು ಹೊಸ ವ್ಯಾಕರಣ ಸೇರಿದರೆ, ಅದನ್ನು ಒಮ್ಮೆಯೂ ಬಳಸದ ಮಗುವಿನ ಬೋರ್ಡಿನಲ್ಲೂ ಜಾಗ ಹೋಗುತ್ತದೆ.

ಎಫ್‌ಸ್ಟ್ರಿಂಗ್ ಮೈಕ್ರೋಪೈಥಾನ್‌ಗೆ ಬಂದದ್ದು 2021ರಲ್ಲಿ. ಅದನ್ನು ಸೇರಿಸಿದ ರೀತಿ ನನಗೆ ತುಂಬಾ ಇಷ್ಟ. ಹೊಸ ಯಂತ್ರವನ್ನೇನೂ ಕಟ್ಟಲಿಲ್ಲ. ಅಕ್ಷರ ಓದುವ ಮೊದಲ ಹಂತದಲ್ಲೇ ಎಫ್‌ಸ್ಟ್ರಿಂಗನ್ನು ಹಳೇ ಫಾರ್ಮ್ಯಾಟ್ ಕರೆಯಾಗಿ ಬದಲಿಸಿಬಿಡುತ್ತಾರೆ. ಮುಂದಿನ ಹಂತಕ್ಕೆ ಹೊಸದೇನೋ ಬಂತು ಎಂದು ತಿಳಿಯುವುದೇ ಇಲ್ಲ. ನಿಮ್ಮ ಹಳೇ ಬೋರ್ಡಿನ ಆವೃತ್ತಿ ಅದಕ್ಕಿಂತ ಹಿಂದಿನದು. ಮಕ್ಕಳಿಗೆ ನೇರವಾಗಿ ಫಾರ್ಮ್ಯಾಟ್ ಕಲಿಸಿ. ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಮ್ಯಾಚ್–ಕೇಸ್ ಕೂಡ ಇಲ್ಲ, ಇಫ್–ಎಲಿಫ್ ಸಾಕು. ಮತ್ತೆ, ಉದ್ದ ಪ್ರೋಗ್ರಾಂ ಬರೆದಾಗ ಮೆಮರಿ ಎರರ್ ಬಂದರೆ ಗಾಬರಿ ಬೇಡ. ಸಾಲು ಬಿಡಿಸುವ ಕೆಲಸಕ್ಕೂ ಅದೇ 16 ಕೆಬಿಯಲ್ಲೇ ಜಾಗ ಬೇಕು.

ಪ್ರಶ್ನೆ: ನಾವು ಶಾಲೆಯಲ್ಲಿ ಬಿಬಿಸಿ ಮೈಕ್ರೋ ಇಟ್ಟುಕೊಂಡು 32 ಕೆಬಿಯಲ್ಲಿ ಎಲ್ಲ ಕಲಿಸಿದೆವು. ಈಗಿನವರಿಗೆ ಎಷ್ಟು ಕೊಟ್ಟರೂ ಸಾಲದು. ಈ ಹೊಸ ಫೀಚರುಗಳ ಹುಚ್ಚೇ ಕಾರಣ. – ಮೈಸೂರಿನ ನಿವೃತ್ತ ಶಿಕ್ಷಕರು

ಉತ್ತರ: ಸರ್, 1984ರಲ್ಲಿ ಶುರುವಾದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಯೋಜನೆಯ ಯಂತ್ರಗಳಲ್ಲವೇ ಅವು? ಆ ಯೋಜನೆಯ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ. ನಿಮ್ಮ ಕಷ್ಟ ಗೊತ್ತು. ಒಳ್ಳೆ ಗ್ರಾಫಿಕ್ಸ್ ಮೋಡ್ ಹಾಕಿದರೆ ಪರದೆಯೇ 20 ಕೆಬಿ ನುಂಗುತ್ತಿತ್ತು. ಕ್ಯಾಸೆಟ್ ಇಟ್ಟುಕೊಂಡ ಯಂತ್ರದಲ್ಲಿ ಪ್ರೋಗ್ರಾಮಿಗೆ ಉಳಿಯುತ್ತಿದ್ದದ್ದು 8,704 ಬೈಟ್.

ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಆ ಯಂತ್ರ ಪ್ರೀತಿಗೆ ಪಾತ್ರವಾದದ್ದೇ ಅದರ ಬೇಸಿಕ್ ಭಾಷೆಯಿಂದ. ಆಗಿನ ಬೇರೆ ಮನೆ ಕಂಪ್ಯೂಟರುಗಳ ಬೇಸಿಕ್‌ನಲ್ಲಿ ಹೆಸರಿಟ್ಟ ಪ್ರೊಸೀಜರ್, ಲೋಕಲ್ ವೇರಿಯಬಲ್, ರಿಪೀಟ್–ಅಂಟಿಲ್ ಸಿಗುವುದು ಅಪರೂಪ. ಕಾಮಡೋರ್ 64ರ ಬೇಸಿಕ್ 8 ಕೆಬಿ ರೋಮ್‌ನಲ್ಲಿತ್ತು (ಬರೆದು ಅಳಿಸಲಾಗದ ಮೆಮರಿ), ಚಿತ್ರ ಬಿಡಿಸಲು ಅದರಲ್ಲಿ ಆಜ್ಞೆಯೇ ಇರಲಿಲ್ಲ. ಬಿಬಿಸಿ ಬೇಸಿಕ್ ಬರೆದ ಸೋಫಿ ವಿಲ್ಸನ್ 16 ಕೆಬಿ ರೋಮ್‌ನಲ್ಲಿ ಇಷ್ಟನ್ನೂ ತುಂಬಿಸಿ, ಮೇಲೆ ಒಂದು ಅಸೆಂಬ್ಲರನ್ನೂ ಇಟ್ಟರು. ಆ ಕಾಲಕ್ಕೆ ಅವೂ ‘ಹೊಸ ಫೀಚರು’ಗಳೇ. ನೀವು ಮಕ್ಕಳಿಗೆ ಗೋಟು ಬಿಟ್ಟು ಪ್ರೊಸೀಜರ್ ಕಲಿಸಿದ್ದು ಅದರ ದೆಸೆಯಿಂದ. ಮುಂದೆ ಆರ್ಮ್ ಪ್ರೊಸೆಸರಿನ ಆಜ್ಞೆಗಳನ್ನು ರೂಪಿಸಿದ್ದೂ ವಿಲ್ಸನ್ ಅವರೇ. ಕುಂದಾಪುರದ ಮಕ್ಕಳ ಮೈಕ್ರೋಬಿಟ್‌ನಲ್ಲಿ ಇರುವುದು ಆರ್ಮ್.

ಪ್ರಶ್ನೆ: ಕೆಲಸದಲ್ಲಿ ಸಿ ಬಿಟ್ಟು ರಸ್ಟ್ ಭಾಷೆಗೆ ಹೋಗುತ್ತಿದ್ದೇವೆ. ಸಣ್ಣ ಪ್ರೋಗ್ರಾಂ ಕೂಡ ಹತ್ತಾರು ಕೆಬಿ ಆಗುತ್ತಿದೆ. – ಮ್ಯೂನಿಕ್‌ನಿಂದ ಕನ್ನಡದ ಓದುಗರು

ಉತ್ತರ: ಮೊದಲು ಅನ್‌ರ‍್ಯಾಪ್‌ಗಳನ್ನು ಎಣಿಸಿ. ಅದರ ಅರ್ಥ ‘ಮೌಲ್ಯ ಕೊಡು, ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲಿಸು’. ಒಂದೊಂದರ ಹಿಂದೆಯೂ ‘ಯಾವ ಫೈಲು, ಯಾವ ಸಾಲು, ಏನು ತಪ್ಪು’ ಎಂಬ ಪ್ಯಾನಿಕ್ ಸಂದೇಶವಿದೆ. ಆ ಸಂದೇಶ ಬರೆಯಲು ಫಾರ್ಮ್ಯಾಟಿಂಗ್ ಕೋಡು ಬರುತ್ತದೆ. ಮಾನಿಟರೇ ಇಲ್ಲದ ಬೋರ್ಡಿನಲ್ಲಿ ಅದನ್ನು ಓದುವವರು ಯಾರು? ಸಂದೇಶ ಬರೆಯದ, ಸುಮ್ಮನೆ ನಿಲ್ಲುವ ಪ್ಯಾನಿಕ್ ಹ್ಯಾಂಡ್ಲರ್ ಹಾಕಿ, ಗಾತ್ರಕ್ಕೆ ಆಪ್ಟಿಮೈಸ್ ಮಾಡಿ, ಎಲ್‌ಟಿಒ (ಲಿಂಕ್ ಮಾಡುವಾಗ ಇಡೀ ಕೋಡನ್ನು ಒಟ್ಟಿಗೆ ಆಪ್ಟಿಮೈಸ್ ಮಾಡುವ ಆಯ್ಕೆ) ಆನ್ ಮಾಡಿ. ಆಮೇಲೂ ದೊಡ್ಡದಿದ್ದರೆ ಬರೆಯಿರಿ. ಅರೇ ಮಿತಿ ನೋಡುವ ಚೆಕ್ಕುಗಳನ್ನು ಮಾತ್ರ ತೆಗೆಯಬೇಡಿ. ಆ ಖರ್ಚನ್ನು ನಾನು ಖುಷಿಯಿಂದ ಕೊಡುತ್ತೇನೆ.

ಪ್ರಶ್ನೆ: ಇಷ್ಟೆಲ್ಲ ಒದ್ದಾಟ ಯಾಕೆ? ಪೀಕೋ ಹಾಕಿದರೆ ಮುಗೀತಲ್ಲ? – ಬೆಂಗಳೂರಿನ ಓದುಗರು

ಉತ್ತರ: ಎಷ್ಟೋ ಸಲ ಮುಗೀತು, ನಿಜ. 2021ರಲ್ಲಿ ರಾಸ್ಪ್‌ಬೆರಿ ಪೈ ಪೀಕೋ ಬಂದಾಗ ಅದರ ಬೆಲೆ 4 ಡಾಲರ್, ರ‍್ಯಾಮ್ 264 ಕೆಬಿ. ಊನೋದ ನೂರು ಪಟ್ಟಿಗೂ ಜಾಸ್ತಿ. ಎಸ್‌ಪಿ ರಸ್ತೆಗೆ ಹೋಗಿ ಒಂದು ತಂದು, ಹವ್ಯಾಸದ ಕೆಲಸಕ್ಕೆ ಸ್ಟ್ರಿಂಗ್, ಪೈಥಾನ್ ಏನು ಬೇಕಾದರೂ ಬಳಸಿ. ನನ್ನ ಮನೆಯ ನೀರಿನ ಟ್ಯಾಂಕಿನಲ್ಲಿ ಇರುವುದೂ ಅದೇ.

ಆದರೆ ಎರಡು ಕಡೆ ನಿಲ್ಲಿ. ಬ್ಯಾಟರಿಯಲ್ಲಿ ವರ್ಷಗಟ್ಟಲೆ ಓಡಬೇಕಾದ ಸೆನ್ಸರಾದರೆ, ನಿದ್ದೆಯಲ್ಲಿ ಒಂದು ಮೈಕ್ರೋ ಆಂಪಿಯರ್‌ಗೂ ಕಮ್ಮಿ ಕುಡಿಯುವ ಎಟಿಮೆಗಾವನ್ನು ಸುಲಭಕ್ಕೆ ಬಿಡಬೇಡಿ. ಸಾವಿರಾರು ಪೀಸು ಮಾಡುವ ವಸ್ತುವಾದರೆ, ಚಿಪ್ಪಿನ ಬೆಲೆಯಲ್ಲಿ ಹತ್ತು ರೂಪಾಯಿ ವ್ಯತ್ಯಾಸಕ್ಕೂ ಮೀಟಿಂಗ್ ಕರೆಯುತ್ತಾರೆ. ಹೊನ್ನಾಳಿಯವರಿಗೆ ಮಾತ್ರ ನಾನು ಪೀಕೋ ಹೇಳಲಿಲ್ಲ. ಮೋಟಾರನ್ನು ಆನ್–ಆಫ್ ಮಾಡುವ ಅವರ ರಿಲೇ ಬೋರ್ಡು 5 ವೋಲ್ಟಿನದು, ಪೀಕೋ ಪಿನ್ನುಗಳು 3.3 ವೋಲ್ಟಿನವು. ಅದಕ್ಕೆ ಮತ್ತೊಂದಿಷ್ಟು ವೈರಿಂಗ್ ಬೇಕು. ಇರುವ ಬೋರ್ಡಿನಲ್ಲೇ ಒಂದು ಅರೇ ಹಾಕಿದರೆ ಕೆಲಸ ಆಗುತ್ತದೆ.